‘ಜನ ಜಾಸ್ತಿ ಆಗೋತು’ ಅಂತೆ!

ನಿನ್ನೆ ಶಿರಸಿ ಹತ್ತಿರದ ಒಂದು ಉಪನಯನದ ಊಟಕ್ಕೆ ಹೋಗಿದ್ದೆ. ಊಟ ಭರ್ಜರಿ, ಅದರಲ್ಲಿ ಎರಡು ಮಾತಿಲ್ಲ. ಅಪ್ಪೆಹುಳಿ ಮೂರು ಸಲ ಹಾಕಿಸಿಕೊಂಡೆ. ತಲೆ ಕೆಟ್ಟಿದ್ದು ಬಲಗಡೆ ಕೂತಿದ್ದ ಮಾವನಿಂದ. ಸ್ವಂತ ಮಾವ ಏನಲ್ಲ, ನಮ್ಮ ಕಡೆ ಪಂಕ್ತಿಯಲ್ಲಿ ಪಕ್ಕ ಕೂತವರೆಲ್ಲ ಹುಡುಕುತ್ತಾ ಹೋದರೆ ಎಲ್ಲೋ ಒಂದು ಕಡೆ ಮಾವ ಆಗೇ ಆಗುತ್ತಾರೆ.

ಹೋಳಿಗೆ ಎರಡನೇ ಸುತ್ತು ಬರುವ ಹೊತ್ತಿಗೆ ಶುರು ಹಚ್ಚಿಕೊಂಡರು. ವಾಟ್ಸಾಪಿನಲ್ಲಿ ಯಾರೋ ಕಳಿಸಿದ್ದರಂತೆ, 2050ಕ್ಕೆ ಲೋಕದಲ್ಲಿ ಗೋಧಿಯೇ ಇರುವುದಿಲ್ಲವಂತೆ. “ಜನ ಜಾಸ್ತಿ ಆಗೋತು ತಮಾ. ಇಷ್ಟೆಲ್ಲಾ ಜನಕ್ಕೆ ಎಲ್ಲಿಂದ ತಂದು ಹಾಕದು?” ಅಂದವರೇ ಬಡಿಸುವ ಹುಡುಗನಿಗೆ “ಎರಡು ಹಾಕು” ಅಂದರು. ತಿಂದಿದ್ದು ಒಂದು. ಇನ್ನೊಂದನ್ನು ಮುರಿದು, ಒಂದು ಚೂರು ತುಪ್ಪಕ್ಕೆ ಅದ್ದಿ, ಹಾಗೇ ಬಿಟ್ಟರು. ಅದರ ಪಕ್ಕ ಒಂದು ಮುಷ್ಟಿ ಅನ್ನ. ಕೈ ತೊಳೆಯೋಕೆ ಎದ್ದು ಹೋಗುವಾಗಲೂ ಬಾಯಲ್ಲಿ ಅದೇ: ಜನ ಜಾಸ್ತಿ ಆಗೋತು.

ನನಗೆ ಆ ಎಲೆ ನೋಡಿ ಸಿಟ್ಟು ಬಂತು. ಸೊಸೈಟಿಯ ಗೋದಾಮಿನಲ್ಲಿ ಚೀಲ ಎಣಿಸುತ್ತಲೇ ಕೂದಲು ಬಿಳಿ ಮಾಡಿಕೊಂಡವನು ನಾನು, ನಿಮಗೆ ಗೊತ್ತಿದ್ದದ್ದೇ. ಕಾಳಿನ ಲೆಕ್ಕ ಯಾರಾದರೂ ಬಾಯಿಗೆ ಬಂದ ಹಾಗೆ ಹೇಳಿದರೆ ನನಗೆ ಊಟ ಇಳಿಯುವುದಿಲ್ಲ. (ನಿನ್ನೆ ಇಳಿಯಿತು, ಅದು ಬೇರೆ ವಿಷಯ.)

ಮಾವಾ, ಲೆಕ್ಕ ಕೇಳಿ. ಗೋಧಿ, ಭತ್ತ, ಜೋಳ ಎಲ್ಲ ಸೇರಿ ಜಗತ್ತು ವರ್ಷಕ್ಕೆ 280 ಕೋಟಿ ಟನ್‌ಗೂ ಮೇಲೆ ಧಾನ್ಯ ಬೆಳೆಯುತ್ತದೆ. ಜನ 800 ಕೋಟಿ ದಾಟಿ ಸ್ವಲ್ಪ ಮುಂದೆ. ಭಾಗಿಸಿ ನೋಡಿ, ಹುಟ್ಟಿದ ಕೂಸೂ ಸೇರಿ ತಲೆಗೆ ದಿನಕ್ಕೆ 900 ಗ್ರಾಂ ಮೇಲೆ ಬರುತ್ತದೆ. ನೀವು, ನಿಮ್ಮ ಆ ಹೊಟ್ಟೆ ಇಟ್ಟುಕೊಂಡೂ, ದಿನಕ್ಕೆ 900 ಗ್ರಾಂ ಅಕ್ಕಿ ಉಣ್ಣೋದಿಲ್ಲ. ಆದರೂ 2024ರಲ್ಲಿ 67 ಕೋಟಿ ಜನ ಹಸಿದಿದ್ದರು ಅಂತ ವಿಶ್ವಸಂಸ್ಥೆಯ ವರದಿ. ಹಾಗಾದರೆ ಕಾಳು ಹೋಗಿದ್ದು ಎಲ್ಲಿಗೆ?

ನಮ್ಮ ಕೊಟ್ಟಿಗೆಗೇ ಬನ್ನಿ, ತೋರಿಸುತ್ತೇನೆ. ಎರಡು ಜರ್ಸಿ ಹಸು ಇವೆ. ದಿನಾ ಬೆಳಿಗ್ಗೆ ಕಲಸಿಡುವುದು ಗೋಧಿ ಬೂಸಾ, ಹಿಂಡಿ, ಒಂದು ಬೊಗಸೆ ಜೋಳದ ನುಚ್ಚು. ಗೋಧಿ ಮಿಲ್ಲಿಗೆ ಹೋಗಿ ಮೈದಾ ಆಗಿ ನಿಮ್ಮ ಹೋಳಿಗೆಯ ಕಣಕಕ್ಕೆ ಬಂತು, ಸಿಪ್ಪೆ ಬೂಸಾ ಆಗಿ ನನ್ನ ಹಸುವಿಗೆ ಬಂತು. ಸಿಪ್ಪೆ ಹೋದರೆ ಹೋಗಲಿ. ಮೆಕ್ಕೆಜೋಳ ಇಡೀ ಕಾಳೇ ಕೋಳಿಗೆ, ಹಂದಿಗೆ ಹೋಗುತ್ತದೆ. ಜಗತ್ತಿನ ಧಾನ್ಯದಲ್ಲಿ ಮೂರರಲ್ಲೊಂದು ಪಾಲು ಪಶುಪಕ್ಷಿಗಳ ಬಾಯಿಗೆ. ಅಮೆರಿಕದವರು ತಮ್ಮ ಮೆಕ್ಕೆಜೋಳದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೆ ಹಾಕುತ್ತಾರೆ. ನಾವೇನು ಕಡಿಮೆಯೇ? ಆಹಾರ ನಿಗಮದ ಗೋದಾಮಿನ ಅಕ್ಕಿಯಲ್ಲಿ 52 ಲಕ್ಷ ಟನ್ನನ್ನು 2024-25ಕ್ಕೆ ಎಥೆನಾಲ್‌ಗೆ ಅಂತ ತೆಗೆದಿಟ್ಟರು, ಕೆಜಿಗೆ 22 ರೂಪಾಯಿ 50 ಪೈಸೆಯಂತೆ. ಮಾವ ಉಪನಯನಕ್ಕೆ ಬಂದ ಕಾರೂ ದಾರಿಯಲ್ಲಿ ಒಂದಿಷ್ಟು ಅನ್ನ ಉಂಡೇ ಬಂದಿರಬೇಕು. ಜಾಸ್ತಿ ಆದವರ ಪಟ್ಟಿಯಲ್ಲಿ ಕಾರು ಮಾತ್ರ ಇಲ್ಲ!

2022 ನೆನಪಿದೆಯಾ? ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿತ್ತು. ಜಗತ್ತಿನಲ್ಲಿ ಹಡಗು ಹತ್ತುವ ಗೋಧಿಯಲ್ಲಿ ಹತ್ತಿರ ಹತ್ತಿರ ನೂರಕ್ಕೆ ಮೂವತ್ತು ಪಾಲು ಇವರಿಬ್ಬರದೇ. ಉಕ್ರೇನಿನ ಒಡೆಸ್ಸಾ ಬಂದರಿನಲ್ಲಿ ಕಾಳು ಕಾಳಾಗಿಯೇ ಕೂತಿತು. ಇತ್ತ ಈಜಿಪ್ಟ್, ಲೆಬನಾನ್‌ನಲ್ಲಿ ರೊಟ್ಟಿಗೆ ಪರದಾಟ. ಮಾರ್ಚ್‌ನಲ್ಲಿ ಜಗತ್ತಿನ ಆಹಾರದ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಜುಲೈನಲ್ಲಿ ಇಬ್ಬರೂ ಇಸ್ತಾಂಬುಲ್‌ನಲ್ಲಿ ಕಾಳಿನ ಹಡಗು ಬಿಡುವ ಒಪ್ಪಂದಕ್ಕೆ ಸಹಿ ಹಾಕಿದ ಮೇಲೇ ಹಡಗು ಹೊರಟಿದ್ದು. ಮರುವರ್ಷ ಅದನ್ನೂ ರಷ್ಯಾ ಮುರಿಯಿತು. ಆ 2022ರಲ್ಲೇ ಜಗತ್ತಿನ ಗೋಧಿ ಬೆಳೆ ಅಲ್ಲಿಯವರೆಗಿನ ದಾಖಲೆ, 80 ಕೋಟಿ ಟನ್ ಆಸುಪಾಸು. ದಾಖಲೆ ಬೆಳೆ ಬಂದ ವರ್ಷವೇ ಜನ ಹಸಿದರು. ಆ ವರ್ಷ ಯಾರು ಜಾಸ್ತಿ ಆಗಿದ್ದರು, ಮಾವ?

ಇನ್ನೂ ಹಿಂದೆ ಹೋಗುವುದಾದರೆ, ಆಯಿಗೆ ರೇಶನ್ನಿನ ಅಮೆರಿಕಾ ಗೋಧಿ ಇನ್ನೂ ನೆನಪಿದೆ. ಕುಚ್ಚಲಕ್ಕಿ ಉಂಡ ಬಾಯಿಗೆ ಅದು ಯಾರಿಗೆ ಬೇಕು? ಆದರೂ ಸಾಲು ನಿಂತು ತಂದರು. ಬೀಸಿ, ನಾದಿ, ತಟ್ಟಿದರೆ ಹಂಚಿನ ಮೇಲೆ ಹಪ್ಪಳದ ಹಾಗೆ ಬಿರಿಯುತ್ತಿತ್ತಂತೆ. 1966ರಲ್ಲಿ ಹೊರಗಿನಿಂದ ಬಂದ ಧಾನ್ಯ ಸುಮಾರು 1 ಕೋಟಿ ಟನ್. ಅದಕ್ಕೂ ಮೊದಲು ಪ್ರಧಾನಿ ಶಾಸ್ತ್ರಿಗಳು ಸೋಮವಾರ ಒಂದು ಹೊತ್ತು ಊಟ ಬಿಡಿ ಅಂದಿದ್ದರು, ನಮ್ಮಜ್ಜ ಆಮೇಲೂ ಎಷ್ಟೋ ವರ್ಷ ಬಿಟ್ಟೇ ಇದ್ದ. ಆಗ ದೇಶದಲ್ಲಿ ಜನ 50 ಕೋಟಿ. ಅವತ್ತೂ ಇದೇ ರಾಗ, ಜನ ಜಾಸ್ತಿ ಆದರು, ಭಾರತ ಮುಗಿಯಿತು ಅಂತ ಪರದೇಶದವರು ಪುಸ್ತಕವೇ ಬರೆದರು.

ಆಗಿದ್ದೇ ಬೇರೆ. ಜಪಾನಿನ ಒಂದು ಗಿಡ್ಡ ತಳಿಯ ಗುಣವನ್ನು ಅಮೆರಿಕದ ವಿಜ್ಞಾನಿ ಬೋರ್ಲಾಗ್ ಮೆಕ್ಸಿಕೋದಲ್ಲಿ ಗೋಧಿಗೆ ಸೇರಿಸಿದ್ದರು. ಗೊಬ್ಬರ ಹೆಚ್ಚಾದರೆ ಭತ್ತ ಮಲಗಿತು ಅಂತೀವಲ್ಲ, ಉದ್ದ ಗೋಧಿಯ ಕಥೆಯೂ ಅದೇ. ಗಿಡ್ಡಗೋಧಿ ತೆನೆ ಎಷ್ಟೇ ಭಾರವಾದರೂ ಮಲಗುವುದಿಲ್ಲ. 1966ರಲ್ಲಿ 18 ಸಾವಿರ ಟನ್ ಬೀಜ ತರಿಸಿದರು. 1965-66ರಲ್ಲಿ 1 ಕೋಟಿ ಟನ್ ಚಿಲ್ಲರೆ ಇದ್ದ ನಮ್ಮ ಗೋಧಿ 2024-25ಕ್ಕೆ 11 ಕೋಟಿ 70 ಲಕ್ಷ ಟನ್ ದಾಟಿತು. ಜನ ಮೂರು ಪಟ್ಟು ಹತ್ತಿರ ಆದರು, ಗೋಧಿ ಹನ್ನೊಂದು ಪಟ್ಟು.

ನಮ್ಮ ಕೃಷಿ ಓದಿದ ಅಳಿಯ ಇದನ್ನು ಓದಿ ಫೋನ್ ಮಾಡೇ ಮಾಡುತ್ತಾನೆ. “ಮಾವ, ಮುಂದೆಯೂ ಹಾಗೇ ಏರುತ್ತಾ ಹೋಗ್ತು ಅಂತ ಯಾರು ಹೇಳಿದ್ದು? 2050ಕ್ಕೆ ಜನ 960 ಕೋಟಿ ದಾಟ್ತ. ಒಂದು ಡಿಗ್ರಿ ಬಿಸಿಲು ಏರಿದರೆ ಗೋಧಿ ನೂರಕ್ಕೆ ಆರು ಪಾಲು ಇಳಿತು.” ಸರಿಯಪ್ಪ, ಒಪ್ಪಿದೆ. 2022ರ ಮಾರ್ಚ್‌ನ ಬಿಸಿಲಿಗೆ ಪಂಜಾಬಿನಲ್ಲಿ ಕಾಳು ಹಾಲು ತುಂಬುವಾಗಲೇ ಮುರುಟಿದ್ದು ಗೊತ್ತು. ಜಗತ್ತಿಗೇ ಉಣಿಸುತ್ತೇವೆ ಅಂದಿದ್ದ ನಾವು ಮೇ 13ಕ್ಕೆ ರಫ್ತಿಗೇ ಬಾಗಿಲು ಹಾಕಿದ್ದೂ ಗೊತ್ತು. ಆದರೆ ಅದು ಬಿಸಿಲಿನ ಮಾತು, ನೀರಿನ ಮಾತು. ಹೊಗೆ ಬಿಟ್ಟವರು ಯಾರು ಅಂತ ಕೇಳುವ ಮಾತು. ಹಸಿದವನ ಮನೆಯಲ್ಲಿ ಎಷ್ಟು ಮಕ್ಕಳು ಅಂತ ಎಣಿಸುವ ಮಾತಲ್ಲ. ಮಾವ ಎಣಿಸುವುದು ಯಾವಾಗಲೂ ಬೇರೆಯವರ ಮಕ್ಕಳನ್ನೇ. ತಮ್ಮ ಎಲೆ ಎಣಿಸಿದ್ದು ನಾನು ನೋಡಿಲ್ಲ. 2022ರಲ್ಲಿ ಜಗತ್ತು ಎಸೆದ ಆಹಾರ 105 ಕೋಟಿ ಟನ್, ಅದರಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳಿಂದಲೇ.

ಇಷ್ಟು ಬರೆದ ಮೇಲೆ ಒಂದು ಹೇಳಲೇಬೇಕು, ಇಲ್ಲದಿದ್ದರೆ ಊರಿನವರೇ ಬಂದು ಹೇಳುತ್ತಾರೆ. ನಾಲ್ಕು ವರ್ಷದ ಹಿಂದೆ ಮನೆ ಕೆಳಗಿನ ಒಂದೂವರೆ ಎಕರೆ ಗದ್ದೆಗೆ ಜೆಸಿಬಿ ತರಿಸಿ, ಮಣ್ಣು ಹಾಕಿಸಿ, ಬಸಿಗಾಲುವೆ ತೆಗೆಸಿ ಅಡಿಕೆ ಸಸಿ ಇಟ್ಟವನು ನಾನೇ. ಅಜ್ಜ ಸೋಮವಾರದ ಊಟ ಬಿಟ್ಟು ಉಳಿಸಿಕೊಂಡ ಗದ್ದೆ ಅದು. ನಾಟಿಗೆ ಆಳಿಲ್ಲ, ತೆನೆ ಬಂದರೆ ಹಂದಿ, ಹಂದಿ ಬಿಟ್ಟಿದ್ದಕ್ಕೆ ನವಿಲು. 2025-26ರಲ್ಲಿ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ ಇತ್ತು, ಅಡಿಕೆ ಕ್ವಿಂಟಲಿಗೆ ನಲವತ್ತು ಸಾವಿರ ದಾಟಿತ್ತು. ನೀವೇ ಹೇಳಿ. ಹೆಂಡತಿಯ ತವರು ಕುಮಟೆ ಕಡೆ. ಅಲ್ಲಿ ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಸಮುದ್ರದ ನೀರು ಹೊಕ್ಕುವ ಗದ್ದೆಯಲ್ಲಿ, ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಿತ್ತು. ಸಮುದ್ರ ಏರುವ ಕಾಲಕ್ಕೆ ಇಂಥದ್ದೇ ಬೇಕು ಅಂತ ದೊಡ್ಡವರೆಲ್ಲ ಹೇಳುತ್ತಾರೆ. ಎಷ್ಟೋ ಗಜನಿ ಈಗ ಸಿಗಡಿ ಕೆರೆ. ಅವರನ್ನು ಬೈಯೋಕೆ ನನಗೆ ಬಾಯಿಲ್ಲ.

ಅದಕ್ಕೇ ನಿನ್ನೆ ಮಾವನಿಗೆ ಎದುರಿಗೆ ಏನೂ ಅನ್ನಲಿಲ್ಲ. ಕೈ ತೊಳೆದು ಬಂದು ಕವಳಕ್ಕೆ ಕೂತಾಗ ಅವರೇ ಕೇಳಿದರು, “ತಮಾ, ಗದ್ದೆಗೆ ಇಟ್ಟ ಸಸಿ ಹ್ಯಾಂಗಿದ್ದು?”

“ಚಲೋ ಇದ್ದು ಮಾವ, ಬಪ್ಪ ವರ್ಷ ಸಿಂಗಾರ ಬಿಡಗು” ಅಂದೆ. ಅಡಿಕೆ ಹೋಳು ನನ್ನ ಕಡೆ ಸರಿಸಿದರು. ತಗೊಂಡೆ.