ಬಿಸಿಲೂರಿನಲ್ಲಿ ಉಲ್ಲನ್ ಟೋಪಿ

ಕಲಬುರಗಿಯಲ್ಲಿ ಉಲ್ಲನ್ ದಾರ ಕೊಳ್ಳಲು ಹೋದವರಿಗೆ ಅಂಗಡಿಯವರು ಮೊದಲು ಕೇಳುವುದು ಬಣ್ಣವನ್ನಲ್ಲ, ದಾರದ ದಪ್ಪವನ್ನೂ ಅಲ್ಲ, “ಯಾವ ಊರಿಗಿ ಕಳಸ್ಲಕ್ಕ ಬೇಕ್ರಿ?” ಎಂದು. ಈ ಊರಿನಲ್ಲಿ ಉಲ್ಲನ್ ಕೊಳ್ಳುವವರಿಗೆ ದೆಹಲಿಯಲ್ಲಿ ಮಗನೋ ಅಮೆರಿಕದಲ್ಲಿ ಮಗಳೋ ಇದ್ದೇ ಇರಬೇಕೆಂಬುದು ಅವರ ದೃಢವಾದ ನಂಬಿಕೆ. ಸೂಪರ್ ಮಾರ್ಕೆಟ್ ಕಡೆ ನಾನು ಹೋಗುವ ಅಂಗಡಿಯಲ್ಲಿ ಉಲ್ಲನ್ ಉಂಡೆಗಳ ವಾಸ ಅಟ್ಟದ ಮೇಲೆ. ದೀಪಾವಳಿ ಮುಗಿದ ಮೇಲೆ ಅವು ಕೆಳಗಿಳಿಯುತ್ತವೆ, ಸಂಕ್ರಾಂತಿ ಕಳೆಯುತ್ತಲೇ ಮತ್ತೆ ಮೇಲೇರುತ್ತವೆ. “ಇದೇ ಊರಾಗ, ನಮ್ಮ ಮನಿ ಮಂದಿಗೇ ಟೋಪಿ ಹೆಣೀಲಕ್ಕ” ಎಂದು ನಾನು ಹೇಳಿದಾಗ ಅಂಗಡಿಯವರ ಮುಖದಲ್ಲಿ ಮೂಡಿದ ಕನಿಕರ ನನ್ನ ಮೇಲಿನದಾಗಿರಲಿಲ್ಲ, ನಮ್ಮ ಮನೆ ಮಂದಿಯ ಮೇಲಿನದಾಗಿತ್ತು.

ಆ ಕನಿಕರಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಮೇ ತಿಂಗಳಲ್ಲಿ ಉಷ್ಣತೆ 42–43 ಡಿಗ್ರಿ ಮುಟ್ಟುವ ಊರು ಇದು. ಹಾಗೆಂದು ಇಲ್ಲಿಯ ಜನ ತಲೆ ಮುಚ್ಚಿಕೊಳ್ಳುವುದಿಲ್ಲವೆಂದಲ್ಲ. ಹಳ್ಳಿಯ ಹಿರಿಯರಿಗೆ ರುಮಾಲು ಅಥವಾ ಗಾಂಧಿ ಟೋಪಿ, ಹೆಂಗಸರಿಗೆ ಸೆರಗು, ಬಿಸಿಲಿನಲ್ಲಿ ಗಾಡಿ ಓಡಿಸುವ ಹುಡುಗರಿಗೆ ಒದ್ದೆ ಟವೆಲ್, ಖಾಜಾ ಬಂದೇನವಾಜ್ ದರ್ಗಾದ ಸುತ್ತಲಿನ ಅಂಗಡಿಗಳಲ್ಲಿ ನೂಲಿನ ಬಿಳಿಯ ಜಾಳಿ ಟೋಪಿಗಳು. ಇವೆಲ್ಲ ಬಿಸಿಲಿಗೋ, ಮರ್ಯಾದೆಗೋ, ಪ್ರಾರ್ಥನೆಗೋ ಸಂಬಂಧಿಸಿದವು. ಚಳಿಯ ಹಂಗು ಯಾವುದಕ್ಕೂ ಇಲ್ಲ. ಇವುಗಳ ಪೈಕಿ ರುಮಾಲನ್ನು ಕಂಡುಹಿಡಿದವರ ಜಾಣತನಕ್ಕೆ ನಾನು ವಿಶೇಷವಾಗಿ ತಲೆಬಾಗುತ್ತೇನೆ, ಏಕೆಂದರೆ ಅದಕ್ಕೆ ಅಳತೆಯೇ ಬೇಕಾಗಿಲ್ಲ. ಕಂಬಳಿಯನ್ನೇ ಮಡಿಚಿ ಗೊಪ್ಪೆ ಹಾಕಿಕೊಳ್ಳುವ ಕುರುಬರೂ ಅಷ್ಟೇ ಜಾಣರು. ಅಳತೆಯ ಗೋಜು ಹತ್ತುವುದು ನನ್ನಂತೆ ಹೆಣಿಗೆಯ ಕಡ್ಡಿ ಹಿಡಿದವರಿಗೆ ಮಾತ್ರ.

ಟೋಪಿ ಹೆಣೆಯುವ ವಿದ್ಯೆ ದೊಡ್ಡದೇನಲ್ಲ. ಸೀದಾ ಮತ್ತು ಉಲ್ಟಾ ಎಂಬ ಎರಡೇ ಹೆಣಿಗೆಗಳಲ್ಲಿ ಅದು ಮುಗಿಯುತ್ತದೆ. ಅಂಚಿಗೆ ಒಂದು ಸೀದಾ, ಒಂದು ಉಲ್ಟಾ ಹಾಕುತ್ತ ಹೋದರೆ ಆ ಪಟ್ಟಿ ಹಿಗ್ಗಿ ಕುಗ್ಗಿ ತಲೆಯನ್ನು ಹಿಡಿದುಕೊಳ್ಳುತ್ತದೆ. ನೆತ್ತಿಯ ಹತ್ತಿರ ಕುಣಿಕೆಗಳನ್ನು ಕಡಿಮೆ ಮಾಡುತ್ತ ಬಂದು ಉಳಿದವುಗಳಲ್ಲಿ ದಾರ ಪೋಣಿಸಿ ಎಳೆದು ಗಂಟು ಹಾಕಿದರಾಯಿತು. 8ನೆಯ ನಂಬರಿನ ಕಡ್ಡಿ 4 ಮಿಲಿಮೀಟರ್ ದಪ್ಪವಿದ್ದರೆ 12ನೆಯ ನಂಬರಿನದು 2.75 ಮಿಲಿಮೀಟರ್ ಮಾತ್ರ. ನಂಬರ್ ಏರಿದಷ್ಟೂ ಕಡ್ಡಿ ತೆಳ್ಳಗಾಗುವ ಈ ಹಳೆಯ ಬ್ರಿಟಿಷ್ ಲೆಕ್ಕವನ್ನು ಯಜಮಾನರಿಗೆ ವಿವರಿಸಲು ಹೊರಟಾಗ ಅವರಿಗೆ ತುರ್ತಾಗಿ ಹಾಲು ತರುವುದು ನೆನಪಾಗುತ್ತದೆ.

ನಿಜವಾದ ಕಷ್ಟವಿರುವುದು ತಲೆಯಲ್ಲಿ. ಅಂಗಿಯ ನಂಬರನ್ನೂ ಚಪ್ಪಲಿಯ ನಂಬರನ್ನೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲ ಗಂಡಸರಿಗೆ ಸ್ವಂತ ತಲೆಯ ಸುತ್ತಳತೆ ಗೊತ್ತಿರುವುದಿಲ್ಲ. ಅದು ಗೊತ್ತಾಗದೆ ಟೋಪಿ ಆಗುವುದಿಲ್ಲ, ಏಕೆಂದರೆ ಟೋಪಿಯನ್ನು ತಲೆಗಿಂತ ಎರಡರಿಂದ ಐದು ಸೆಂಟಿಮೀಟರ್ ಚಿಕ್ಕದಾಗಿಯೇ ಹೆಣೆಯಬೇಕು; ತಲೆಯಷ್ಟೇ ಹೆಣೆದರೆ ಅದು ಹುಬ್ಬು ದಾಟಿ ಮೂಗಿನ ಮೇಲೆ ಬಂದು ನಿಲ್ಲುತ್ತದೆ. ಟೇಪ್ ಹಿಡಿದು ಹತ್ತಿರ ಹೋದರೆ ಎಲ್ಲರಿಗೂ ಅನುಮಾನ. ಬೀದರಿನ ನಮ್ಮ ಭಾವನವರಂತೂ “ಏನವ್ವ, ಪೇಟಾ ಕಟ್ಟಿ ನನಗ ಇನ್ನೊಂದು ಲಗ್ನ ಮಾಡಸ್ತಿಯೇನು?” ಎಂದು ಅಕ್ಕನ ಎದುರಿಗೇ ಕೇಳಿದರು. ಅಕ್ಕ ನಗಲಿಲ್ಲ. ಅವರ ತಲೆ ಐವತ್ತಾರೂವರೆ ಸೆಂಟಿಮೀಟರ್ ಎಂದು ನಾನು ಬರೆದುಕೊಂಡು ಬಂದೆ.

ನನ್ನ ಟೋಪಿಗಳಲ್ಲಿ ಮೊದಲು ಮನೆಯಿಂದ ಹೊರಬಿದ್ದದ್ದು ಯಾದಗಿರಿಯ ನಾದಿನಿಯ ಸೊಸೆಗೆ ಹುಟ್ಟಲಿದ್ದ ಕೂಸಿನ ಕುಲಾವಿ. ಕುಬಸದ ಊಟಕ್ಕೆ ಹೋಗುವಾಗಲೇ ಒಯ್ಯಬೇಕೆಂಬ ಆಸೆ ನನ್ನದು. ಆದರೆ ನಮ್ಮ ಅತ್ತೆಯವರು, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರ ಕಥೆಯನ್ನು ಗಾದೆಯ ರೂಪದಲ್ಲಿ ಕೇಳಿ ಬೆಳೆದವರು. ಈಗ ಆ ಗಾದೆ ತಮ್ಮ ಕಣ್ಣೆದುರಿಗೇ, ತಮ್ಮ ಸೊಸೆಯ ಕೈಯಲ್ಲೇ, ತಿಳಿ ಹಳದಿ ಬಣ್ಣದಲ್ಲಿ ನಡೆಯುತ್ತಿರುವುದನ್ನು ಅವರು ಸಹಿಸಲಿಲ್ಲ. “ಅದನ್ನ ಮುಚ್ಚಿಡವ್ವ, ಹುಟ್ಟಿದ ಮ್ಯಾಲ ನೋಡಮು” ಎಂದು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.

ಕೂಸು ಮೇ ತಿಂಗಳಲ್ಲಿ ಹುಟ್ಟಿತು. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 35 ಸೆಂಟಿಮೀಟರ್ ಇರುತ್ತದೆಂಬ ಲೆಕ್ಕದ ಮೇಲೆ ನಾನು ಹೆಣೆದಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ನವಜಾತ ಶಿಶುವಿನ ಮೈ ತಲೆಯ ಮೂಲಕ ಬೇಗ ತಣ್ಣಗಾಗುತ್ತದೆ, ಆದ್ದರಿಂದ ಟೋಪಿ ಹಾಕಿರಿ ಎಂದು ವೈದ್ಯರೂ ಹೇಳುತ್ತಾರೆ. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ ಮಲಗಿಸುವ ಕಾಂಗರೂ ಆರೈಕೆಯಲ್ಲೂ ಟೋಪಿ ಇದ್ದೇ ಇರುತ್ತದೆ. ಆದರೆ ಈ ಕೂಸು ದುಂಡಗೆ, ಮೂರೂವರೆ ಕಿಲೋ ತೂಕವಿತ್ತು, ಹೊರಗೆ ಯಾದಗಿರಿಯ ಬಿಸಿಲಿತ್ತು, ಒಳಗೆ ಕರೆಂಟ್ ಇರಲಿಲ್ಲ. ನಾದಿನಿ ನನ್ನ ಮೇಲಿನ ಪ್ರೀತಿಯಿಂದ ಕುಲಾವಿ ತೊಡಿಸಿ, ಫೋಟೊ ತೆಗೆಯುವವರೆಗೆ ಇರಲೆಂದು ಗಲ್ಲದ ಕೆಳಗೆ ದಾರ ಕಟ್ಟಿದಳು. ಕೂಸು ಕಿರುಚಿದ ರಭಸಕ್ಕೆ ಪಕ್ಕದ ವಾರ್ಡಿನ ಸಂಬಂಧಿಕರೂ ಬಂದರು. ಆ ಫೋಟೊ ಇಂದಿಗೂ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿದೆ: ಗೊಂಡೆ ಸ್ಪಷ್ಟವಾಗಿ, ಬಾಯಿ ಅದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಬಿಚ್ಚಿದ ಕುಲಾವಿಯನ್ನು ಅತ್ತೆಯವರು ತಿರುವಿ ಮುರುವಿ ನೋಡಿದರು. ಬಾಯಿ ಬಿಗಿಯಲು ದಾರವಿದೆ, ತಳ ದುಂಡಗಿದೆ, ಒಳಗೆ ಕೈ ಹಿಡಿಸುತ್ತದೆ. ಮರುದಿನದಿಂದ ಅದು ಅವರ ಎಲಿ-ಅಡಿಕಿ ಸಂಚಿ. ಕೂಸು ಹುಟ್ಟುವ ಮೊದಲು ಕುಲಾವಿ ಹೆಣೆಯುವುದನ್ನು ಅಷ್ಟೊಂದು ವಿರೋಧಿಸಿದವರು ಈಗ ಅದರೊಳಗಿನ ಸುಣ್ಣದ ಡಬ್ಬಿಗೆ ಒಂದು ಒಳಚೀಲ ಹೆಣೆದುಕೊಡೆಂದು ಕೇಳುತ್ತಿದ್ದಾರೆ.

ಯಜಮಾನರಿಗೆ ಹೆಣೆದದ್ದು ಮಂಕಿ ಟೋಪಿ. ಡಿಸೆಂಬರಿನ ಬೆಳಗಿನಲ್ಲಿ ಶರಣಬಸವೇಶ್ವರ ಕೆರೆಯ ದಂಡೆಯ ಮೇಲೆ ವಾಕಿಂಗ್ ಹೋಗುವಾಗ ಕಿವಿಗೆ ಗಾಳಿ ಹೊಡೆಯಬಾರದೆಂದು ಕತ್ತಿನವರೆಗೆ ಇಳಿಯುವಂತೆ ಹೆಣೆದು ಮುಖಕ್ಕೆ ಮಾತ್ರ ಕಿಂಡಿ ಬಿಟ್ಟಿದ್ದೆ. ಮೊದಲು ಅವರು ಊರಿಗೆಲ್ಲ ಟೋಪಿ ಹಾಕುವ ಹೆಂಡತಿಯ ಬಗ್ಗೆ ಎಲ್ಲ ಗಂಡಂದಿರೂ ಮಾಡುವ ಆ ಹಳೆಯ ತಮಾಷೆಯನ್ನು ಮಾಡಿ ಮುಗಿಸಿದರು. ಆಮೇಲೆ, ಹಾಕಿಕೊಂಡರೆ ಪರಿಚಯದವರು ಗುರುತು ಹಿಡಿಯುವುದಿಲ್ಲವೆಂದು ಗೊಣಗಿದರು. ಒಂದು ವಾರ ಕಳೆಯುವುದರೊಳಗೆ ಗೊಣಗುವುದು ನಿಂತಿತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಚೀಟಿಯ ಕಂತು ಕೇಳಲು ಕೆರೆಯ ದಂಡೆಯ ಮೇಲೆಯೇ ಕಾಯುವ ಸ್ನೇಹಿತರೊಬ್ಬರು ಇವರ ಎದುರಿಗೇ ಮೂರು ಸುತ್ತು ಹಾಕಿ ಇವರನ್ನೇ ಹುಡುಕುತ್ತ ಹೋಗಿದ್ದರು. ಅಲ್ಲಿಂದಾಚೆ ಯಜಮಾನರಿಗೆ ಆ ಟೋಪಿಯ ಮೇಲೆ ಅಪಾರ ಪ್ರೀತಿ ಹುಟ್ಟಿತು. ಈಗ ಅದನ್ನು ಮನೆಯೊಳಗೂ ಹಾಕಿಕೊಂಡಿರುತ್ತಾರೆ, ಮತ್ತು ನಾನು ಕಿರಾಣಿ ಚೀಟಿ ಓದಲು ಆರಂಭಿಸಿದಾಗಲೆಲ್ಲ ಕಿವಿಯ ಕಡೆ ಬೆರಳು ತೋರಿಸಿ ಕೇಳಿಸುತ್ತಿಲ್ಲವೆಂದು ಸನ್ನೆ ಮಾಡುತ್ತಾರೆ.

ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1571ರಲ್ಲಿ, ಆರು ವರ್ಷ ಮೇಲ್ಪಟ್ಟವರೆಲ್ಲ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಉಣ್ಣೆಯಲ್ಲಿ ಹೆಣೆದ ಟೋಪಿಯನ್ನೇ ಹಾಕಿಕೊಳ್ಳಬೇಕು, ತಪ್ಪಿದರೆ ದಂಡ ಕಟ್ಟಬೇಕು ಎಂಬ ಕಾನೂನನ್ನೇ ತಂದಿದ್ದರು. ಟೋಪಿ ಹೆಣೆಯುವವರ ಹೊಟ್ಟೆಪಾಡು ನಡೆಯಲೆಂಬುದು ಅದರ ಉದ್ದೇಶ. ಗಣ್ಯರಿಗೂ ಶ್ರೀಮಂತ ಮಹಿಳೆಯರಿಗೂ ವಿನಾಯಿತಿ ಇತ್ತು. ಉಳಿದ ಜನ ಸರಿಯಾಗಿ ಪಾಲಿಸಲಿಲ್ಲವಾದ್ದರಿಂದ 1597ರಲ್ಲಿ ಅದನ್ನು ರದ್ದುಗೊಳಿಸಿದರು. ಅಂಥ ಚಳಿ ನಾಡಿನಲ್ಲಿ ದಂಡ ಹಾಕಿಯೂ ತಲೆಗಳು ಸಿಗಲಿಲ್ಲವೆಂದ ಮೇಲೆ, ಕಲಬುರಗಿಯಲ್ಲಿ ಪ್ರೀತಿಯೊಂದರ ಬಲದಿಂದ ನಾನು ಎಷ್ಟು ತಲೆಗಳನ್ನು ಗೆಲ್ಲಬಹುದಿತ್ತೆಂದು ಓದುಗರೇ ಲೆಕ್ಕ ಹಾಕಬಹುದು.

ನನ್ನ ಭರವಸೆಯೆಲ್ಲ ಇದ್ದದ್ದು ಬೀದರಿನ ಮೇಲೆ. ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ಅಲ್ಲಿ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬಹಮನಿ ಸುಲ್ತಾನ ಅಹ್ಮದ್ ಶಾಹನು 15ನೆಯ ಶತಮಾನದಲ್ಲಿ ರಾಜಧಾನಿಯನ್ನೇ ಕಲಬುರಗಿಯಿಂದ ಬೀದರಿಗೆ ಒಯ್ದ. ನಾನು ಒಂದು ಟೋಪಿಯನ್ನು ಒಯ್ದೆ. ಪಕ್ಕದ ಮನೆಯವರು ಹಿಮಾಚಲ ಪ್ರವಾಸಕ್ಕೆ ಹೋದಾಗ ಕುಲ್ಲುವಿನಿಂದ ತಂದುಕೊಟ್ಟಿದ್ದ ಅಪ್ಪಟ ಕುರಿಯುಣ್ಣೆಯಲ್ಲಿ, ಬರೆದುಕೊಂಡ ಅಳತೆಗೆ ತಕ್ಕಂತೆ ಹೆಣೆದ ಆ ಟೋಪಿ ಭಾವನವರ ತಲೆಗೆ ಎಷ್ಟು ಚೆನ್ನಾಗಿ ಒಪ್ಪಿತ್ತೆಂದರೆ, ಬಿದರಿ ಹೂದಾನಿಗಳನ್ನು ಬಿಟ್ಟು ಬೇರೆ ಕೈಕೆಲಸವನ್ನು ಕಣ್ಣೆತ್ತಿ ನೋಡದ ಅವರು ಕನ್ನಡಿಯ ಮುಂದೆ ನಿಂತು ಎಡಕ್ಕೂ ಬಲಕ್ಕೂ ತಿರುಗಿದರು.

ನಂತರ ಅವರು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅದನ್ನು ಹಾಕಿಕೊಂಡರು. ಎಣ್ಣೆ ಹೋಗಲೆಂದು ಅಕ್ಕನ ಮನೆಯ ಕೆಲಸದಾಕೆ ಅದನ್ನು ಕುದಿಯುವ ನೀರಿನಲ್ಲಿ ಸೋಪಿನ ಪುಡಿಯೊಂದಿಗೆ ನೆನೆಸಿ, ಚೆನ್ನಾಗಿ ತಿಕ್ಕಿ, ಮೇಲೆ ಒಂದು ಸಲ ಮಷಿನ್ನಿಗೂ ಹಾಕಿದಳು. ಕುರಿಯುಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಒಟ್ಟಿಗೆ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು, ಎಳೆಗಳು ಹತ್ತಿರ ಹತ್ತಿರ ಸರಿದು ಬಟ್ಟೆ ದಪ್ಪಗಾಗಿ ಕುಗ್ಗಿಬಿಡುತ್ತದೆ, ಮತ್ತೆ ಹಿಗ್ಗುವುದಿಲ್ಲ. ಮಷಿನ್ನಿನಿಂದ ಹೊರಬಂದ ಭಾವನವರ ಟೋಪಿ ತೆಂಗಿನಕಾಯಿಯ ಚಿಪ್ಪಿನಷ್ಟಾಗಿತ್ತು.

ಅಕ್ಕ ಅದನ್ನು ಎಸೆಯಲಿಲ್ಲ. ಬೀದರಿನ ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲು ಬೆಳಗಿನವರೆಗೂ ಹಾಲಾಗಿಯೇ ಇರುವುದು ಅಲ್ಲಿಯ ಗೃಹಿಣಿಯರೆಲ್ಲರ ದುಃಖ. ಮೊಸರಾಗಲು ಹಾಲು ಗಂಟೆಗಟ್ಟಲೆ 40 ಡಿಗ್ರಿಯ ಸುತ್ತಮುತ್ತ ಬೆಚ್ಚಗಿರಬೇಕು. ಅಕ್ಕ ಆ ರಾತ್ರಿ ಮೊಸರಿನ ಸಣ್ಣ ಡಬ್ಬಿಯ ಮೇಲೆ ಟೋಪಿಯನ್ನು ಕವುಚಿದಳು. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಬಿಟ್ಟುಕೊಡುವುದಿಲ್ಲವಾದ್ದರಿಂದ ಬೆಳಿಗ್ಗೆ ಡಬ್ಬಿಯನ್ನು ಬೋರಲು ಹಾಕಿದರೂ ಮೊಸರು ಅಲ್ಲಾಡಲಿಲ್ಲ. “ನಿನ್ನ ಕೈಗುಣ ಭಾಳ ಛಲೋ ಅದ ನೋಡು” ಎಂದು ಅಕ್ಕ ಫೋನ್ ಮಾಡಿ ಹೊಗಳಿದಳು. ನನ್ನ ಹೆಣಿಗೆಗೆ ಇದುವರೆಗೆ ಸಿಕ್ಕ ಅತಿದೊಡ್ಡ ಪ್ರಶಂಸೆ ಅದೇ. ಭಾವನವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಎಲ್ಲರಿಗೂ ಹೆಣೆದಾದ ಮೇಲೆ ನನಗೂ ಒಂದಿರಲೆಂದು, ತುರುಬು ಹೊರಗೆ ಬರುವಂತೆ ನೆತ್ತಿಯಲ್ಲಿ ದುಂಡನೆಯ ಕಿಂಡಿ ಬಿಟ್ಟು ನೇರಳೆ ಬಣ್ಣದ ಟೋಪಿಯೊಂದನ್ನು ಹೆಣೆದುಕೊಂಡೆ. ದಾರವನ್ನು ರಸ್ತೆಬದಿಯ ವ್ಯಾಪಾರಿಯೊಬ್ಬರು “ಪ್ಯೂರ್ ವುಲ್ ಅದ ಅಮ್ಮಾ, ಆಣಿ ಮಾಡಿ ಹೇಳ್ತೀನಿ” ಎಂದು ಕೊಟ್ಟಿದ್ದರು. ಎಳ್ಳ ಅಮಾವಾಸ್ಯೆಗೆ ಹುಮನಾಬಾದ್ ಬಳಿಯಿರುವ ಅಕ್ಕನ ಹೊಲಕ್ಕೆ ಹೋಗಲು, 2017ರಲ್ಲಿ ಕಲಬುರಗಿ–ಬೀದರ್ ಮಾರ್ಗದಲ್ಲಿ ಶುರುವಾದ ರೈಲನ್ನು ಹತ್ತಿದಾಗ ಅದು ನನ್ನ ತಲೆಯ ಮೇಲಿತ್ತು. ಎದುರು ಸೀಟಿನ ಮುದುಕಿಯೊಬ್ಬರು ಬಹಳ ಹೊತ್ತು ನನ್ನ ತುರುಬನ್ನೇ ನೋಡಿ, ಟೋಪಿ ಹರಿದಿದೆಯೆಂದು ಮೆಲ್ಲಗೆ ತಿಳಿಸಿದರು.

ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಬರುವಷ್ಟರಲ್ಲಿ ಬಿಸಿಲೇರಿತ್ತು. ಟೋಪಿ ತೆಗೆದು ಬುತ್ತಿಯ ಗಂಟಿನ ಪಕ್ಕದಲ್ಲಿಟ್ಟಿದ್ದೆ. ಮೂರು ಕಲ್ಲಿನ ಒಲೆಯ ಮೇಲೆ ಕಾಳು-ತರಕಾರಿಗಳ ಪಲ್ಯವಾದ ಭಜ್ಜಿ ಬಿಸಿಯಾಗುತ್ತಿತ್ತು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬಿಚ್ಚಿಟ್ಟಿದ್ದರು, ಹಸಿದವರೆಲ್ಲ ಸುತ್ತ ಕುಳಿತಿದ್ದರು. ಅಕ್ಕನ ನೆಗೆಣ್ಣಿ ಪಾತ್ರೆಯಿಳಿಸಲು ಕೈಗೆ ಸಿಕ್ಕ ಮೆತ್ತನೆಯ ವಸ್ತುವನ್ನು ಹಿಡಿದರು. ಪಾತ್ರೆಯೇನೋ ಕೆಳಗಿಳಿಯಿತು, ಟೋಪಿ ಮಾತ್ರ ಅದನ್ನು ಬಿಡಲಿಲ್ಲ. ಅಪ್ಪಟ ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಕರಕಾಗುತ್ತಿತ್ತು. ಇದು ಕರಗಿ ಅಂಟಿಕೊಂಡಿತು, ಅಂದರೆ ಪೆಟ್ರೋಲಿಯಮ್ಮಿನಿಂದ ತಯಾರಾಗುವ ಅಕ್ರಿಲಿಕ್. ಹಾಗೆಂದು ನಾನು ಅಲ್ಲಿಯೇ ವಿವರಿಸಿದೆನಾದರೂ ಯಾರೂ ಕಿವಿಗೊಡಲಿಲ್ಲ, ಏಕೆಂದರೆ ಭಜ್ಜಿಗೆ ನೇರಳೆ ಬಣ್ಣ ಇಳಿದಿದೆಯೋ ಇಲ್ಲವೋ ಎಂಬ ಚರ್ಚೆ ಆಗಲೇ ಶುರುವಾಗಿತ್ತು. ಇಳಿದಿರಲಿಲ್ಲ. ಆ ಪಾತ್ರೆಯ ಎರಡು ಬದಿಗಳಲ್ಲಿ ಮಾತ್ರ ಈಗಲೂ ಹೆಣಿಗೆಯ ಗುರುತಿದೆ, ಸೀದಾ ಯಾವುದು ಉಲ್ಟಾ ಯಾವುದು ಎಂದು ಎಣಿಸಬಹುದು.

ಈ ಚಳಿಗಾಲಕ್ಕೆ ಅಕ್ಕನಿಂದ ಹೊಸ ಬೇಡಿಕೆ ಬಂದಿದೆ. ಹಬ್ಬಕ್ಕೆ ಬೀಗರು ಬರುವವರಿರುವುದರಿಂದ ದೊಡ್ಡ ಪಾತ್ರೆಯಲ್ಲಿ ಮೊಸರು ಹಾಕಬೇಕಂತೆ. ಪಾತ್ರೆಯ ಬಾಯಿ 18 ಸೆಂಟಿಮೀಟರ್ ಅಗಲವೆಂದು ಅಳೆದು ಕಳಿಸಿದ್ದಾಳೆ. ಸುತ್ತಳತೆ ತಿಳಿಯಲು 18ನ್ನು 3.14ರಿಂದ ಗುಣಿಸಿ ನೋಡಿದೆ: ಐವತ್ತಾರೂವರೆ. ಹಳೆಯ ಚೀಟಿಯನ್ನು ತೆಗೆದು ನೋಡಿದರೆ ಭಾವನವರ ತಲೆಯೂ ಅಷ್ಟೇ. ಸಂತೋಷದಿಂದ ಫೋನ್ ಮಾಡಿ, ಒಂದೇ ಟೋಪಿ ಇಬ್ಬರಿಗೂ ಆಗುತ್ತದೆ, ರಾತ್ರಿ ಪಾತ್ರೆಗೆ ಹಾಕಿ ಹಗಲು ಭಾವನವರಿಗೆ ಹಾಕಬಹುದು ಎಂದೆ. ಅಕ್ಕ ಸ್ವಲ್ಪ ಯೋಚಿಸಿದಳು.

“ಮೊದ್ಲ ಮೊಸರಾಗ್ಲಿ,” ಎಂದಳು, “ನಿಮ್ಮ ಭಾವಂದು ಆಮ್ಯಾಲ ನೋಡಮು. ಅವ್ರು ಎಣ್ಣಿ ಹಚ್ಕೋತಾರ.”