ಯೋಗಕ್ಕಿಂತ ಮೊದಲು ಡ್ಯೂಟಿ ಪಟ್ಟಿ ನೋಡಿ

ಕೆಲಸ ಬಿಡಲು ಯೋಚಿಸುವ ನರ್ಸ್‌ಗಳಿಗೆ ಯೋಗ, ಧ್ಯಾನ ಹೇಳಿಕೊಡಬೇಕು ಎಂದು ಒಂದು ಲೇಖನದಲ್ಲಿ ಓದಿದೆ. ಬೇಡ ಅನ್ನುವುದಿಲ್ಲ. ಆದರೆ ಮೊದಲು ಡ್ಯೂಟಿಗೆ ಸಾಕಷ್ಟು ಜನ ಇದ್ದಾರೆಯೇ ನೋಡಬೇಕು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ, ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೆ ಒಬ್ಬ ನರ್ಸ್, ಉಳಿದ ಕಡೆ 5ಕ್ಕೆ ಒಬ್ಬರು ಇರಬೇಕು. ರಜೆಗೆಂದೇ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಬೇರೆ. ಈ ಹೆಚ್ಚುವರಿ ಇಲ್ಲದಿದ್ದರೆ ಒಬ್ಬರಿಗೆ ಜ್ವರ ಬಂದ ದಿನ ಇನ್ನೊಬ್ಬರ ವಾರದ ರಜೆ ಹೋಗುತ್ತದೆ.

ನೈಟ್ ಡ್ಯೂಟಿಯಲ್ಲಿ ಬೆಳಗಿನ 5ರಿಂದ 7 ಗಂಟೆ ಅತಿ ಕಷ್ಟದ ಹೊತ್ತು. ಬಿಪಿ, ಜ್ವರ ನೋಡಬೇಕು, ರಕ್ತದ ಸ್ಯಾಂಪಲ್ ತೆಗೆಯಬೇಕು, ಇಂಜೆಕ್ಷನ್ ಕೊಡಬೇಕು, ಮೂತ್ರದ ಅಳತೆ ಬರೆಯಬೇಕು, ಎಲ್ಲವೂ ಒಟ್ಟಿಗೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಡೋಸ್ ತಪ್ಪುವುದು ಆಗಲೇ. 'ಆ ಇಂಜೆಕ್ಷನ್ ಸರಿಯಾಗಿ ಕೊಟ್ಟೆನೇ?' ಎಂಬ ಭಯ ಮನೆಗೂ ಬರುತ್ತದೆ, ಹಗಲು ನಿದ್ದೆ ಬರುವುದಿಲ್ಲ. ರೋಗಿ ತೀರಿಕೊಂಡರೆ ದೇಹ ಸುತ್ತಿ, ಕಡತ ಮುಗಿಸಿ, ಹಾಸು ಬದಲಿಸುವಷ್ಟರಲ್ಲಿ ಅದೇ ಮಂಚಕ್ಕೆ ಹೊಸಬರು. ಅಳಲೂ ಬಿಡುವಿಲ್ಲ ಪಾಪ.

ಸತತ ನೈಟ್ ಮೂರಕ್ಕೆ ನಿಲ್ಲಲಿ, ಅದರ ಬೆನ್ನಿಗೇ ಎರಡು ದಿನ ರಜೆ ಇರಲಿ. ಸಾವಾದ ಮೇಲೆ ಹದಿನೈದು ನಿಮಿಷ ಬೇರೆಯವರು ವಾರ್ಡ್ ನೋಡಿಕೊಳ್ಳಲಿ. ರಾಜೀನಾಮೆಗೆ ಮೊದಲು ಡಯಾಲಿಸಿಸ್, ಒಪಿಡಿಗೆ ವರ್ಗ ಕೇಳಿ ನೋಡಿ. ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.