ಎಲ್ಲರೂ ಬಂದರಲ್ಲ, ಹೊರಡೋಣವೇ?

ಮೆಟ್ಟಿಲು ಇಳಿಯುವಾಗ ಮೊಣಕಾಲುಗಳು ಇನ್ನೂ ಶನಿವಾರದ ಲೆಕ್ಕ ಒಪ್ಪಿಸುತ್ತಿವೆ. ಆದರೆ ನನ್ನ ಸಿಟ್ಟು ಬೆಟ್ಟದ ಮೇಲಲ್ಲ. ಬೆಟ್ಟ ಪಾಪ, ಹಿಮಯುಗಕ್ಕೂ ಮೊದಲಿನಿಂದ ಇದ್ದಲ್ಲೇ ಇದೆ, ಯಾರನ್ನೂ ಕರೆದಿರಲಿಲ್ಲ. ಸಿಟ್ಟೆಲ್ಲ ನಮ್ಮ ಚಾರಣದ ಮುಂದಾಳುಗಳ ಮೇಲೆ; ಅದರಲ್ಲೂ ಅವರ ಬೆನ್ನುಚೀಲದ ಎದೆಪಟ್ಟಿಯ ಬಕಲ್ ಮೇಲೆ.

ಗುಂಪಿನಲ್ಲಿ ಗುಡ್ಡ ಹತ್ತಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಟ್ಟಿ ಕಾಲಿನವರು ಮುಂದೆ ಹೋಗಿ, ಒಳ್ಳೆಯ ಬಂಡೆ ನೋಡಿ ಕುಳಿತು, ಚಹಾ ಕುಡಿದು, ಕೋಡುಬಳೆ ಮುರಿದು, ಫೋಟೊ ತೆಗೆದು, ಊರ ಸುದ್ದಿಯನ್ನೆಲ್ಲ ಮುಗಿಸಿರುತ್ತಾರೆ. ಅಷ್ಟು ಹೊತ್ತಿಗೆ ಏದುಸಿರು ಬಿಡುತ್ತ ನನ್ನಂಥವರ ಆಗಮನ. ಸೊಂಟದ ಮೇಲಿನ ಕೈ ಇನ್ನೂ ಇಳಿದಿರುವುದಿಲ್ಲ, ಮುಂದಾಳುಗಳು ಎದ್ದು, ಪ್ಯಾಂಟಿನ ಹಿಂಭಾಗ ಕೊಡವಿಕೊಂಡು, 'ಟಕ್' ಎಂದು ಬಕಲ್ ಹಾಕಿ, ಬಲು ಸಂತೋಷದಿಂದ ಕೇಳುತ್ತಾರೆ: "ಎಲ್ಲರೂ ಬಂದರಲ್ಲ, ಹೊರಡೋಣವೇ?"

ದಣಿಯದವರಿಗೆ ಕಾಲು ಗಂಟೆ ವಿಶ್ರಾಂತಿ, ದಣಿದವರಿಗೆ ಒಂದು ಬಕಲ್ಲಿನ ಸದ್ದು. ಉಳ್ಳವರಿಗೇ ಉಣಬಡಿಸುವ ಈ ಪದ್ಧತಿಯನ್ನು ಯಾರು ಕಂಡುಹಿಡಿದರೋ!

ಈ ಸಲ ನಾವು ಹೋದದ್ದು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಪೂರ್ವದಂಚಿಗೆ, ಹಾಸ್‌ವಾಟರ್ ಜಲಾಶಯದ ಕಡೆಗೆ. ಮ್ಯಾಂಚೆಸ್ಟರಿನಲ್ಲಿರುವ ನಾವು ದಿನಾ ಅನ್ನ ಬೇಯಿಸುವ ನೀರಿನಲ್ಲಿ ಇದರ ಪಾಲೂ ಇದೆ, ಹಾಗಾಗಿ ನೋಡಿಬರುವುದು ಋಣಸಂದಾಯ ಎಂದು ಮುಂದಾಳುಗಳು ಸುತ್ತೋಲೆಯಲ್ಲಿ ಬರೆದಿದ್ದರು. ಜಲಾಶಯದ ದಂಡೆಯಲ್ಲೇ ಸಾಗುವ ಕಿರಿದಾದ ರಸ್ತೆ ಮಾರ್ಡೇಲ್ ಹೆಡ್ ಎಂಬಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಕಾಲೇ ಗತಿ. ದಾರಿಯಲ್ಲಿ ಎಡಕ್ಕೆ ಗುಡ್ಡವೇರುವ ಒಂದು ಕಾಲುಹಾದಿ ತೋರಿಸಿದರು. ಈ ಕಣಿವೆಯಲ್ಲಿ ಹೂಳುವ ಜಾಗವಿಲ್ಲದಿದ್ದ ಕಾಲದಲ್ಲಿ ಹೆಣಗಳನ್ನು ಕುದುರೆಯ ಬೆನ್ನಿಗೆ ಕಟ್ಟಿ ಶ್ಯಾಪ್ ಊರಿಗೆ ಒಯ್ಯುತ್ತಿದ್ದ ದಾರಿಯಂತೆ. ಕೊನೆಯ ಹೆಣ ಹೋದದ್ದು 1736ರಲ್ಲಿ. ಆಗ ಕೇಳಿ ಸುಮ್ಮನಾದೆ. ಮಧ್ಯಾಹ್ನದ ಹೊತ್ತಿಗೆ ಆ ಹೆಣದ ಬಗ್ಗೆ ನನಗೆ ಹೊಟ್ಟೆಕಿಚ್ಚು ಹುಟ್ಟಿತ್ತು. ಕುದುರೆಯಾದರೂ ಇತ್ತಲ್ಲ.

ಮೊದಲ ಏರು ಮುಗಿದದ್ದು ಸ್ಮಾಲ್ ವಾಟರ್ ಎಂಬ ಪುಟ್ಟ ಕೊಳದ ಬಳಿ. ನಾನು ತಲುಪಿದೆ, ಟಕ್. ಎಲ್ಲರೂ ಎದ್ದರು. ನಮ್ಮ ಮನೆಯವರು ಕೋಡುಬಳೆ ಡಬ್ಬಿಯ ಮುಚ್ಚಳ ಹಾಕುತ್ತ, "ಬಂದೆಯಾ? ಬಾ ಬಾ, ಇನ್ನೇನು ಸ್ವಲ್ಪವೇ ಇದೆ" ಎಂದರು. ಮುಚ್ಚಳದ ಸಂದಿಯಲ್ಲಿ ಕಂಡದ್ದು ಎಳ್ಳು ಮತ್ತು ಪುಡಿ ಮಾತ್ರ. ಆ ಕೋಡುಬಳೆಯನ್ನು ಶುಕ್ರವಾರ ರಾತ್ರಿ ನಿಂತು ಕರಿದವಳು ನಾನು.

ಕೊಳ ದಾಟಿದ ಮೇಲೆ ದಾರಿಯ ಪಕ್ಕದಲ್ಲೇ ಕಲ್ಲಿನ ಪುಟ್ಟ ಗೂಡುಗಳಿವೆ. ಬಿರುಗಾಳಿಗೆ ಸಿಕ್ಕಿದವರು ನುಸುಳಿ ಕೂರಲೆಂದು ಹಿಂದಿನವರು ಕಟ್ಟಿದ್ದು. ಬಾಗಿಲು ಮೊಣಕಾಲೆತ್ತರ, ಮಂಡಿಯೂರಿ, ತಲೆ ತಗ್ಗಿಸಿ ತೂರಬೇಕು. ಬಿರುಗಾಳಿ ಇರಲಿಲ್ಲ, ಆದರೆ ಮುಂದಾಳುಗಳಿದ್ದರು. ಹಿಂದುಮುಂದು ನೋಡಿ ಒಳಗೆ ನುಸುಳಿದೆ. ಆಹಾ! ತಣ್ಣನೆಯ ಕತ್ತಲೆ, ಕುರಿ ಹಿಕ್ಕೆಯ ವಾಸನೆ, ಬೆನ್ನಿಗೊಂದು ಕಲ್ಲು. ಕಾಲು ಚಾಚಿ ಬಾಳೆಹಣ್ಣಿನ ಸಿಪ್ಪೆ ಅರ್ಧ ಸುಲಿದಿದ್ದೆ, ಮೇಲಿನಿಂದ ಸೀಟಿ ಕೇಳಿಸಿತು. ತಲೆ ಎಣಿಸಿ, ಒಂದು ಕಡಿಮೆ ಬಂದು, ಇಡೀ ಗುಂಪು ಗಾಬರಿಯಿಂದ ನನ್ನ ಹೆಸರು ಕೂಗುತ್ತ ಇಳಿಯುತ್ತಿತ್ತು. "ಇಲ್ಲಿದ್ದೇನೆ" ಎಂದೆ. ಕಲ್ಲಿನೊಳಗಿಂದ ಬಂದ ದನಿಗೆ ಯಾರೋ "ಅಯ್ಯೋ ದೇವರೇ" ಎಂದರು. ಕೊನೆಗೆ ಮುಂದಾಳುಗಳ ಮುಖ ಗೂಡಿನ ಬಾಯಲ್ಲಿ ಅಡ್ಡಡ್ಡವಾಗಿ ಕಾಣಿಸಿಕೊಂಡಿತು. ಕುತ್ತಿಗೆಯಲ್ಲಿ ತೂಗುತ್ತಿದ್ದ ನಕಾಶೆ ನನ್ನ ಬಾಳೆಹಣ್ಣಿಗೆ ತಾಗಿತು. ನನ್ನನ್ನು ನೋಡಿದರು, ಹಣ್ಣನ್ನು ನೋಡಿದರು, ಹಿಂದಕ್ಕೆ ತಿರುಗಿ ಘೋಷಿಸಿದರು: "ಸಿಕ್ಕಿದರು! ಎಲ್ಲರೂ ಇದ್ದಾರೆ, ಹೊರಡೋಣವೇ?"

ಅಷ್ಟು ದೂರ ಇಳಿದು ಬಂದವರು ಐದು ನಿಮಿಷ ಕೂತಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ನ್ಯಾನ್ ಬೀಲ್ಡ್ ಕಣಿವೆದಾರಿ, ಅಲ್ಲಿಂದ ಹೈ ಸ್ಟ್ರೀಟ್ ಶಿಖರ. 828 ಮೀಟರ್ ಎತ್ತರ, ಮೇಲೆ ಮೈದಾನದಂತೆ ಚಪ್ಪಟೆ. ರೋಮನ್ನರ ರಸ್ತೆ ಇದರ ನೆತ್ತಿಯ ಮೇಲೆಯೇ ಹಾದುಹೋಗಿತ್ತು. ಹಿಂದೆ ಇಲ್ಲಿ ಕುರುಬರು ಜಾತ್ರೆ ಸೇರಿ ಕುದುರೆ ಓಡಿಸುತ್ತಿದ್ದರಂತೆ. "ರೋಮನ್ ಸೈನಿಕರು ಭಾರ ಹೊತ್ತು ಈ ದಾರಿಯಲ್ಲೇ ನಡೆದರು, ಗೊತ್ತೇ?" ಎಂದು ಹುರಿದುಂಬಿಸಿದರು ಮುಂದಾಳುಗಳು. ಅವರಿಗೆ ಸಂಬಳ ಬರುತ್ತಿತ್ತು ಎಂದೆ. ಕೇಳಿಸಲಿಲ್ಲ, ಆಗಲೇ ಮುಂದೆ ಹೋಗಿದ್ದರು.

ರಫ್ ಕ್ರ್ಯಾಗ್ ಏಣಿನಲ್ಲಿ ಇಳಿಯುವಾಗ ಜಲಾಶಯ ಪೂರ್ತಿ ಕಾಣುತ್ತದೆ. ಮೊದಲು ಇಲ್ಲಿದ್ದದ್ದು ಸಣ್ಣದೊಂದು ಸರೋವರ. 1929ರಲ್ಲಿ ಅಣೆಕಟ್ಟೆಯ ಕೆಲಸ ಶುರುವಾಗಿ, ನೀರು 29 ಮೀಟರ್ ಏರಿ, ಮಾರ್ಡೇಲ್ ಗ್ರೀನ್ ಎಂಬ ಹಳ್ಳಿ ಒಳಗೆ ಹೋಯಿತು. ಚರ್ಚನ್ನು ಕಳಚಿದರು, ಸಮಾಧಿಗಳನ್ನು ಅಗೆದು ಶ್ಯಾಪ್‌ಗೆ ಸಾಗಿಸಿದರು. ಕಡು ಬೇಸಿಗೆಯಲ್ಲಿ ನೀರಿಳಿದರೆ ಹಳೆಯ ಕಲ್ಲುಗೋಡೆಗಳು, ಪುಟ್ಟ ಸೇತುವೆ ಎದ್ದು ಬರುತ್ತವೆ. ಜನ ನೋಡಲು ಮುಗಿಬೀಳುತ್ತಾರೆ.

ನನ್ನ ಅಜ್ಜಿಯ ತವರುಮನೆ ಲಿಂಗನಮಕ್ಕಿಯ ನೀರಿನಡಿ ಇದೆ. ಅಲ್ಲೂ ಬೇಸಿಗೆಯಲ್ಲಿ ಹಿನ್ನೀರು ಬತ್ತಿದರೆ ಅದಕ್ಕಿಂತ ಹಳೆಯ ಮಡೆನೂರು ಅಣೆಕಟ್ಟೆ ತಲೆ ಎತ್ತುತ್ತದೆ. ನೋಡಿ ಬಂದವರನ್ನು ಅಜ್ಜಿ ಅಣೆಕಟ್ಟೆಯ ವಿಷಯ ಕೇಳುತ್ತಿರಲಿಲ್ಲ. "ನಮ್ಮನೆ ಬಚ್ಚಲ ಕಲ್ಲು ಕಂಡಿತೇ?" ಎನ್ನುತ್ತಿದ್ದರು. ಆ ಕಲ್ಲು ಎಲ್ಲಿದೆಯೆಂದು ಅವರಿಗೊಬ್ಬರಿಗೇ ಗೊತ್ತಿತ್ತು; ಅವರು ಮಾತ್ರ ಒಮ್ಮೆಯೂ ನೋಡಲು ಹೋಗಲಿಲ್ಲ. ನೀರನ್ನೇ ನೋಡುತ್ತ ನಿಂತಿದ್ದೆ. ಮನಸ್ಸು ಎಲ್ಲೆಲ್ಲೋ ಹೋಗಿ ಕಣ್ಣು ತುಸು ಮಂಜಾಗುವಷ್ಟರಲ್ಲಿ, ಕೆಳಗಿನ ತಿರುವಿನಿಂದ, ಟಕ್.

ನಿನ್ನೆ ಸಂಜೆ ವಾಟ್ಸ್ಆಪ್‌ನಲ್ಲಿ ಹೊಸ ಸುತ್ತೋಲೆ ಬಂದಿದೆ. ಮುಂದಿನ ತಿಂಗಳು ಥರ್ಲ್‌ಮಿಯರ್ ಜಲಾಶಯದ ದಂಡೆಯಿಂದ ಹೆಲ್ವೆಲಿನ್ ಶಿಖರ, 950 ಮೀಟರ್. ಕೆಳಗೆ ದಪ್ಪಕ್ಷರದಲ್ಲಿ: "ನಿಧಾನವಾಗಿ ನಡೆಯುವವರ ಅನುಕೂಲಕ್ಕಾಗಿ ಅಲ್ಲಲ್ಲಿ ವಿಶ್ರಾಂತಿ ಇರುತ್ತದೆ." ನಾನು ಖಾರವಾದ ಉತ್ತರವೊಂದನ್ನು ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದೆ. ಅಷ್ಟರಲ್ಲಿ ಸೋಫಾದ ಆ ತುದಿಯಿಂದ ನಮ್ಮ ಮನೆಯವರು ಇಬ್ಬರ ಹೆಸರನ್ನೂ ಸೇರಿಸಿ, ಕೋಡುಬಳೆ ನಮ್ಮದೇ ಎಂದು ಕಳಿಸಿಬಿಟ್ಟಿದ್ದರು.